ಬೋರ್ಡೋದ ನೀರುಗನ್ನಡಿ

ನಾವಿರುವ ಪ್ಲೇನ್‌ಫೀಲ್ಡ್‌ನಿಂದ ನಮ್ಮ ಜೊತೆ ವೈನಿನ ಊರಾದ ಬೋರ್ಡೋಗೆ ಬಂದ ಅಮ್ಮ, ಮಂಡಿ ಆಪರೇಷನ್ ಆದಮೇಲೆ ಬೀಳುವ ಭಯಕ್ಕೆ ಎಲ್ಲಿ ಹೋದರೂ ಬೆಂಚು ಹುಡುಕುತ್ತಿದ್ದರು. ಇಲ್ಲಿ ನದಿಯ ಪಕ್ಕದ ದೊಡ್ಡ ಕಲ್ಲುಹಾಸಿನ ಮೇಲೆ ಪಾದವೂ ಮುಳುಗದಷ್ಟು ನೀರು ನಿಲ್ಲಿಸಿದ್ದಾರೆ. ಎದುರಿನ ಹಳೆಯ ಕಟ್ಟಡಗಳೆಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಜನ ಬರಿಗಾಲಲ್ಲಿ ಓಡಾಡುತ್ತಿದ್ದರು. ಅಮ್ಮ ಮಾತ್ರ ಮಂಡಿ ನೀವಿಕೊಳ್ಳುತ್ತಾ ಬೆಂಚಿನಲ್ಲೇ ಕೂತಿದ್ದರು.

ಪಕ್ಕದಲ್ಲಿ ಕೂತಿದ್ದ ಫ್ರೆಂಚ್ ಅಜ್ಜಿಯೊಬ್ಬರು ಬೂಟು ಕಳಚಿ, ಊರುಗೋಲು ಹಿಡಿದು ಎದ್ದರು. ತಮ್ಮ ಮಂಡಿ ತಟ್ಟಿ ತೋರಿಸಿ ಅಮ್ಮನತ್ತ ಕೈ ಚಾಚಿದರು.

"ಬೇಡಮ್ಮ, ಜಾರತ್ತೆ," ಎಂದರು ಅಮ್ಮ, ಕನ್ನಡದಲ್ಲೇ.

ಆಕೆ ಫ್ರೆಂಚಿನಲ್ಲಿ ಏನೋ ಹೇಳಿ ನಕ್ಕರು. ಚಾಚಿದ ಕೈ ಹಿಂತೆಗೆಯಲಿಲ್ಲ. ಕೊನೆಗೆ ಅಮ್ಮ ಆ ಕೈ ಹಿಡಿದು, ಸೀರೆಯ ನಿರಿಗೆ ಎತ್ತಿ ನೀರಿಗೆ ಕಾಲಿಟ್ಟರು. ನಾನು ಗಾಬರಿಯಿಂದ ಹಿಂದೆಯೇ ಓಡಿದೆ.

"ನೀನು ಅಲ್ಲೇ ಇರು ಕಣೋ," ಅಮ್ಮ ತಿರುಗಿ ನೋಡದೆ ಕೂಗಿದರು. "ಆ ಕಡೆ ತನಕ ಹೋಗ್ಬಿಟ್ಟು ಬರ್ತೀವಿ."