ನೆಲ ಸವರಿ ನೋಡಿದ ಖಾಲಾ

ಮೊನ್ನೆ ಅಂಗಳದ ಫರಸಿಯ ಮೇಲೆ ಯಾರೋ ಒಂದು ಕೊಡ ನೀರು ಸುರುವಿದರು. ಬಿಸಿಲಿಗೆ ಕಾದ ಕಲ್ಲಿನಿಂದ ವಾಸನೆ ಎದ್ದಿತು. ಹಸಿ ಕಲ್ಲಿನ ಹಿಟ್ಟಿನ ವಾಸನೆ... ಒಮ್ಮೆಲೇ ಖಾಲಾ ನೆನಪಾದರು. ಮೊಮ್ಮಕ್ಕಳೇ, ನಾನು ನಾಲ್ಕು ಜನರೆದುರು ಮಾತಾಡುವವಳಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಖಾಲಾ ತೆಂಗಳಿಯಲ್ಲಿ ನಮ್ಮ ಪಕ್ಕದ ಮನೆಯವರು. ಖಾಲಾ ಎಂದರೆ ಅವರ ಉರ್ದು ಮಾತಿನಲ್ಲಿ ಚಿಗವ್ವ. ಊರಿಗೆಲ್ಲ ಅವರು ಖಾಲಾನೇ. ಗಂಡ ತೀರಿದ ಮೇಲೆ ಶಹಾಬಾದಕ್ಕೆ ಹೋಗಿ ಒಂದು ಕಲ್ಲಿನ ಕಾರ್ಖಾನೆ ಸೇರಿದ್ದರು. ಮರಳು, ನೀರು ಹಾಕಿ ಹಾಸುಗಲ್ಲನ್ನು ಕೈಯಿಂದ ಉಜ್ಜಿ ನುಣುಪು ಮಾಡುವ ಕೆಲಸ. ನಿಜಾಮರ ಆಳಿಕೆ ಮುಗಿದು ಮೂರು ನಾಲ್ಕು ವರ್ಷವಾಗಿತ್ತು. ಕಲ್ಲಿಗೆ ಬೇಡಿಕೆ ಬಂದಿತ್ತು. ಆಳುಗಳ ಮುಖ್ಯಸ್ಥ ಮುಕಾದಮ ಊರೂರು ತಿರುಗಿ ಜನರನ್ನು ಕರೆತರುತ್ತಿದ್ದ. ಅವನು ಹೇಳುವುದು ಒಂದು, ಅಲ್ಲಿರುವುದು ಇನ್ನೊಂದು. ಬಂದವರು ಎಂಟು ದಿನದಲ್ಲಿ ಗಂಟು ಕಟ್ಟಿ ಊರಿಗೆ ತಿರುಗುತ್ತಿದ್ದರು. ಕೊನೆಗೆ ಕಾರ್ಖಾನೆಯ ಸೇಟ್‌ಜಿ ಖಾಲಾನನ್ನೇ ತೆಂಗಳಿಗೆ ಕಳಿಸಿದರು. ನಿನ್ನಂಥ ಕೈಯವರು ಆರು ಮಂದಿ ಬೇಕು ಎಂದರಂತೆ.

ಖಾಲಾ ಬಂದವರೇ ಯಾರನ್ನೂ ಕೆಲಸಕ್ಕೆ ಕರೆಯಲಿಲ್ಲ. ಮನೆಮನೆಗೆ ಹೋಗಿ, ಕೂತಲ್ಲೇ ಸೆಗಣಿ ಸಾರಿಸಿದ ನೆಲವನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ನಮ್ಮ ಮನೆಯಲ್ಲೂ ಸವರಿದರು.

"ಯಕ್ಕಾ, ಈ ನೆಲ ಯಾರು ಸಾರಿಸ್ಯಾರ?"

"ನಮ್ಮ ಸೊಸಿ. ಬಾಯಾಗ ಮಾತಿಲ್ಲ, ಎಲ್ಲಾ ಕೈಯಾಗೇ ಅದ," ಅಂದರು ನಮ್ಮ ಅತ್ತೆ.

"ಒಂದು ಗೆರಿ ಎದ್ದಿಲ್ಲ ನೋಡು. ಈಕಿನ್ನ ನನ್ನ ಜೋಡಿ ಕಳಸು."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನಿಮ್ಮ ಅಜ್ಜ ಆಗ ವಾಡಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದರು. ಊರಿಗೆ ಬರುವುದು ಎರಡು ತಿಂಗಳಿಗೊಮ್ಮೆ. ಶಹಾಬಾದದಿಂದ ವಾಡಿ ರೈಲಿನಲ್ಲಿ ಹತ್ತಿರ. ನಾನು ಹೋದರೆ ಮೂವರೂ ಒಂದೇ ಸೂರಿನಡಿ ಇರಬಹುದಿತ್ತು. ಮೂರನೆಯವನು ನಿಮ್ಮ ಅಪ್ಪ, ಆರು ತಿಂಗಳ ಕೂಸು.

"ಕೂಸಿನ್ನ ಬಿಸಲಾಗ ಒಣಗಿಸಲಿಕ್ಕ ಒಯ್ತಿಯೇನು?" ಅತ್ತೆ ಕೇಳಿದರು. "ಪ್ಯಾಟಿಯಾಕಿ ಹೊಸ ಸೀರಿ ಉಟ್ಕೊಂಡು ಬರ್ತಾಳಂತ ಮಾಡಿದ್ದೆ. ಹರಕಲಾಗೇ ಬಂದೀಯಲ್ಲ!"

"ಹೊಸಾದು ಸೇಟ್‌ಜಿ ಕೊಟ್ಟಾರ, ಉಟ್ಕೊಂಡು ಹೋಗಿ ತೋರಸು ಅಂತ. ಗಂಟಿನಾಗ ಅದ. ಕೆಲಸಕ್ಕ ಉಡೋದು ಇದು, ಅದಕ್ಕ ಇದನ್ನೇ ತೋರಸಾಕತ್ತೀನಿ. ಬಿಸಲದ, ಧೂಳದ, ಸಂಜಿಗೆ ಮಣಿಕಟ್ಟು ಭಾಳ ನೋಯ್ತದ. ಆದ್ರ ಕೂಸುಗಳಿಗೆ ನೆಳ್ಳಿನ ಛಪ್ಪರ ಹಾಕಸ್ತೀನಂತ ಸೇಟ್‌ಜಿ ನನಗ ಜಬಾನ್ ಕೊಟ್ಟಾರ."

ಜಬಾನ್ ಎಂದರೆ ನಾಲಿಗೆ; ಕೊಟ್ಟ ಮಾತಿಗೂ ಅದೇ ಹೆಸರು. ಅದೊಂದರ ಮೇಲೆ ಅತ್ತೆ ಒಪ್ಪಿದರು.

ಆರು ಮಂದಿ ಹೆಂಗಸರು, ಮೂರು ಕೂಸು ಶಹಾಬಾದ ಮುಟ್ಟಿದೆವು. ಕಾರ್ಖಾನೆಯ ಅಂಗಳದಲ್ಲಿ ಛಪ್ಪರವಿರಲಿಲ್ಲ. ಒಂದು ಗೂಟವನ್ನೂ ನೆಟ್ಟಿರಲಿಲ್ಲ. ಖಾಲಾನ ಮುಖ ಕಪ್ಪಿಟ್ಟಿತು. ಮುಂದಿನ ತಿಂಗಳು ನೋಡೋಣ, ಮೊದಲು ಕೆಲಸ ಹಿಡಿಯಿರಿ ಎಂದು ಮುಕಾದಮ ನಕ್ಕ.

"ಯಾರೂ ಕಲ್ಲು ಮುಟ್ಟಬ್ಯಾಡ್ರಿ," ಅಂದರು ಖಾಲಾ. ಪೇರಿಸಿಟ್ಟ ಕಲ್ಲುಗಳ ಗೇಣು ನೆರಳಲ್ಲಿ ನಮ್ಮನ್ನು ಕೂಡಿಸಿ ತಾವು ಬಿಸಿಲಿಗೆ ಕೂತರು. ಸುದ್ದಿ ಕೇಳಿ ಸೇಟ್‌ಜಿ ಬಂದರು.

"ಬುಡ್ಢಿ, ನಿನ್ನ ಕೆಲಸಾನೂ ಹೋಗ್ತದ ನೋಡು."

"ಹೋಗ್ಲಿ ಸೇಟ್‌ಜಿ. ಇವರನ್ನ ಊರಿಗೆ ಮುಟ್ಟಿಸಿ ನಾನೂ ಅಲ್ಲೇ ಇರ್ತೀನಿ. ಮುಂದ ತೆಂಗಳಿಗೆ ಯಾರನ್ನ ಕಳಸ್ತೀರಿ? ಮುಕಾದಮನ ಮಾತು ಮಂದಿ ನಂಬಂಗಿಲ್ಲಂತ ನನ್ನ ಕಳಿಸಿದ್ರಿ. ಇವತ್ತ ನನ್ನ ಮಾತೂ ಹೋತಂದ್ರ ನಿಮ್ಮ ಬಲ್ಲಿ ಉಳಿಯೋದೇನು?"

ಸೇಟ್‌ಜಿ ನಮ್ಮ ಕಡೆ ತಿರುಗಿ, ಕೆಲಸ ಮಾಡುತ್ತೀರೋ ಊರಿಗೆ ಹೋಗುತ್ತೀರೋ ಎಂದು ಕೇಳಿದರು. ಎಲ್ಲರೂ ಖಾಲಾನ ಕಡೆ ನೋಡಿದರು. ನನಗಂತೂ ತಿರುಗಿ ಊರಿಗೆ ಹೋಗುವ ಮನಸ್ಸೇ ಇರಲಿಲ್ಲ. ವಾಡಿ ಅಷ್ಟು ಹತ್ತಿರವಿತ್ತು... ಆದರೂ ಬಾಯಿಂದ ಬಂತು: "ಖಾಲಾ ಅಂದಂಗ." ಪರ ಗಂಡಸಿನ ಮುಂದೆ ನಾನಾಡಿದ ಮೊದಲ ಮಾತು ಅದು.

ಹೊತ್ತು ಇಳಿಯುವ ಮುಂಚೆ ನಾಲ್ಕು ಬೊಂಬು ನಿಂತವು, ಮೇಲೊಂದು ತಾಡಪತ್ರಿ ಬಂತು. ಖಾಲಾ ಗಂಟು ಬಿಚ್ಚಿ, ಸೇಟ್‌ಜಿ ಕೊಟ್ಟ ಹೊಸ ಸೀರೆಯನ್ನು ಅವರೆದುರೇ ಮೂರು ತುಂಡು ಹರಿದು ಜೋಳಿಗೆ ಕಟ್ಟಿದರು. ಮೊದಲನೆಯದರಲ್ಲಿ ನಿಮ್ಮ ಅಪ್ಪ ಮಲಗಿದ.

ಆ ಸುದ್ದಿ ನಮಗಿಂತ ಮೊದಲು ಊರು ಸೇರಿತು. ಚಿತ್ತಾಪುರದ ಕಡೆಯ ಹೆಂಗಸರೂ ತಾವಾಗಿ ವಿಚಾರಿಸಿಕೊಂಡು ಬಂದರು. "ಖಾಲಾ ಇರೋ ಕಾರ್ಖಾನಿ ಇದೇ ಏನ್ರಿ?" ಎಂದು ಗೇಟಿನಲ್ಲಿ ಕೇಳುತ್ತಿದ್ದರು. ಕಾರ್ಖಾನೆಗೆ ಬೇರೆ ಹೆಸರಿತ್ತು, ಅದು ಯಾರಿಗೂ ಬೇಕಿರಲಿಲ್ಲ. ಖಾಲಾನ ಕೈಕೆಳಗೆ ಕಲಿತೆ ಎಂದು ನಾನು ಇವತ್ತಿಗೂ ಎದೆಯೆತ್ತಿ ಹೇಳುತ್ತೇನೆ.

ಮುಂದೆ ಕಲ್ಲಿನ ಧೂಳಿಗೆ ಅವರಿಗೆ ಕೆಮ್ಮು ಹತ್ತಿತು. ಚಿಂಚೋಳಿಯಲ್ಲಿದ್ದ ಮಗಳ ಮನೆಗೆ ಹೋದರು, ತಿರುಗಿ ಬರಲಿಲ್ಲ. ನಮಗೆ ತಿಳಿಯುವಷ್ಟರಲ್ಲಿ ಮಣ್ಣಾಗಿ ನಾಲ್ಕು ದಿನವಾಗಿತ್ತು...

ಆಮೇಲೆ ಸೇಟ್‌ಜಿ ನನ್ನನ್ನು ನಮ್ಮ ಕಡೆಯ ಮುಧೋಳಕ್ಕೆ ಕಳಿಸಿದರು, ಆರು ಮಂದಿಯನ್ನು ಕರೆತರಲು. ಬಿಸಿಲು ಹೇಳಿದೆ, ಧೂಳು ಹೇಳಿದೆ, ಛಪ್ಪರ ಹೇಳಿದೆ. ಖಾಲಾ ನಮಗೆ ಹೇಳದಿದ್ದ ಒಂದನ್ನೂ ಹೇಳಿದೆ: ಕೆಮ್ಮು. ಅವರಿಗಾದರೂ ಆಗ ಎಲ್ಲಿ ಗೊತ್ತಿತ್ತು? ನಾಲ್ಕೇ ಮಂದಿ ಬಂದರು. ಮುಕಾದಮ ಬೈದ. ಬಂದವರು ಮಾತ್ರ ಗಂಟು ಕಟ್ಟಲಿಲ್ಲ.

ಆ ನಾಲ್ವರೂ ಈಗಿಲ್ಲ. ತೆಂಗಳಿಯಿಂದ ಹೋದ ಆರು ಮಂದಿಯಲ್ಲಿ ಉಳಿದವಳು ನಾನೊಬ್ಬಳೇ. ಖಾಲಾ ಬಿಸಿಲಿಗೆ ಕೂತದ್ದನ್ನು ಕಣ್ಣಾರೆ ಕಂಡವರು ಬೇರೆ ಯಾರೂ ಇಲ್ಲ.