ಹುಣಸೆಹಣ್ಣಿಗೆ ಹೋದ ನೀಲಿ

ಬಂದೂಕು ರಿಪೇರಿ ಮಾಡುವ ಉಸ್ತಾದರ ಬಲಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಉಕ್ಕಿನ ನಳಿಗೆಗೆ ನೀಲಿ ಬಣ್ಣ ಏರಿಸುವ ಕುದಿಯುವ ಉಪ್ಪುನೀರು ಹರೆಯದಲ್ಲೇ ಸಿಡಿದು ಅದನ್ನು ಸುಟ್ಟಿತ್ತಂತೆ. ಶಹರದ ಗಾಜಿಪುರ ಓಣಿಯ ಅವರ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇದ್ದರೂ ಹಚ್ಚುತ್ತಿರಲಿಲ್ಲ. ಉಕ್ಕಿನ ಬಣ್ಣ ನೋಡಲು ಬೆಳಗಿನ ಬಿಸಿಲೇ ಬೇಕು ಎನ್ನುತ್ತಿದ್ದರು.

ಕಮಲಾಪುರದ ನಮ್ಮ ಮನೆಯಲ್ಲಿ ಅಜ್ಜನ ಜರ್ಮನ್ ಪಿಸ್ತೂಲೊಂದಿದೆ, ಮಹಾಯುದ್ಧದ ಕಾಲದ್ದು. ಅಪ್ಪನ ನಂತರ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಕಂಡು, ಯಾರೋ ತೇಪೆ ಹಾಕಿದ ಮಾಲು ಎಂದು ಉಸ್ತಾದರ ಮುಂದೆ ಅಂದಿದ್ದೆ. ಉಸ್ತಾದರು ನಕ್ಕರು.

"ತೇಪಿ ಅಲ್ಲ ಬೇಟಿ. ನಳಿಗಿ ಕಾಡಿಗಿ ನೀಲಿ, ಮ್ಯಾಲಿನ ತುಂಡು ಬದನಿಕಾಯಿ ಬಣ್ಣ. ಯುದ್ಧದಾಗ ಅವಸರ ನೋಡು, ಒಂದಕ್ಕ ಕಾವು ಹೆಚ್ಚಾತು, ಒಂದಕ್ಕ ಕಮ್ಮಿ ಆತು. ಮಾಡಿದಾತನ ಗಡಿಬಿಡಿ ಹಂಗೇ ಉಳದದ. ಅದೇ ಅದರ ಅಸಲ್."

ಮಹಾನವಮಿಗೆ ಆಯುಧಗಳನ್ನಿಟ್ಟು ಮಾಡುವ ಖಂಡೆ ಪೂಜೆಗೆ ಮುಂಚೆ ಪ್ರತಿ ವರ್ಷ ಅವರೇ ಬಸ್ಸು ಹತ್ತಿ ಬಂದು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಎರಡು ಕೆಂಪು ಬಾಳೆಹಣ್ಣು ತಿಂದು, "ಬಟ್ಟಿ, ಎಣ್ಣಿ. ಮತ್ತೇನೂ ಮುಟ್ಟಸಬ್ಯಾಡ" ಎಂದು ಹೇಳಿ ಹೋಗುತ್ತಿದ್ದರು. ತಾವು ನೋಡುವ ಅಸಲು ಬಣ್ಣ ಅಂತ ಈಗ ಉಳಿದದ್ದು ಇದೊಂದೇ ಎಂದೂ ಒಮ್ಮೆ ಹೇಳಿದ್ದರು.

ಒಂದು ವರ್ಷ ಸಕ್ಕರೆ ಕಾಯಿಲೆಗೆ ಅವರ ಕಣ್ಣು ಹೋಯಿತು, ಪೂಜೆಗೆ ಅವರು ಬರಲಿಲ್ಲ. ನಾನು, ಎಂಥ ಜಾಣೆ, ಪೂಜೆಯ ಹಿತ್ತಾಳೆ ಸಾಮಾನಿನ ಜೊತೆ ಪಿಸ್ತೂಲನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟೆ. ಅವರು ಬಾರದಿದ್ದರೂ ಕೆಲಸ ನಿಲ್ಲಲಿಲ್ಲವೆಂಬ ಹೆಮ್ಮೆ ಬೇರೆ. ತೊಳೆದು ನೋಡಿದರೆ ಹುಳಿಗೆ ಬಣ್ಣವೆಲ್ಲ ಹೋಗಿ ಸ್ಟೀಲ್ ಚಮಚದ ಹಾಗೆ ಬಿಳುಚಿಕೊಂಡಿತ್ತು. ನನ್ನ ಕೈಗೆ ಬೆಂಕಿ ಬೀಳಬೇಕಿತ್ತು.

ಮರುದಿನವೇ ಗಾಜಿಪುರದ ಅವರ ಮನೆಗೆ ಒಯ್ದೆ. ಉಸ್ತಾದರು ಹಾಸಿಗೆಯಿಂದ ಎದ್ದು ಕೂತು ಎರಡೂ ಕೈ ಚಾಚಿದರು.

"ಬದನಿಕಾಯಿ ಬಣ್ಣ ಹಂಗೇ ಅದ ಇಲ್ಲ?"

"ಹಂಗೇ ಅದ ರೀ," ಎಂದೆ.

ಅವರು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಬೆರಳನ್ನು ಮೂಗಿಗೆ ಹಿಡಿದರು.

"ಹುಣಸಿಹಣ್ಣ," ಎಂದರು.

ನನಗೆ ಅಳು ಬಂತು. "ಮತ್ತ ಏರಸಾಕ ಬರ್ತದೇನ್ರಿ?"

"ಬರ್ತದ. ಆದರ ಅದು ನನ್ನ ಬಣ್ಣ ಆಗ್ತದ, ಅದರದಲ್ಲ. ಈಗ ನನ್ನ ಕೈಲೆ ಅದೂ ಆಗಂಗಿಲ್ಲ ಬೇಟಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಪಿಸ್ತೂಲನ್ನು ತಮ್ಮ ಅಂಗಿಯ ಚುಂಗಿನಿಂದ ಒರೆಸಿ ನನ್ನ ಕೈಗಿಟ್ಟು, "ಬಟ್ಟಿ, ಎಣ್ಣಿ" ಎಂದರು.

ಆ ಚಳಿಗಾಲ ಅವರು ದಾಟಲಿಲ್ಲ. ಈಗ ಖಂಡೆ ಪೂಜೆಗೆ ನಾನೇ ಎಣ್ಣೆ ಹಚ್ಚುತ್ತೇನೆ, ಅವರು ಹೇಳಿದ ಹಾಗೆಯೇ. ಕಾಪಾಡಲು ಅದರಲ್ಲಿ ಬಣ್ಣವೇನೂ ಉಳಿದಿಲ್ಲ.