ಚೊಗರು ಬಳಿದ ಪೆಟ್ಟಿಗೆಗಳು

ಇಲಿ ಎಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಗಿದ್ದೂ ಬಿಳಿ ಇಲಿಗಳೇ ತುಂಬಿದ್ದ ಕಟ್ಟಡವೊಂದರಲ್ಲಿ ಟೈಪಿಸ್ಟ್ ಆಗಿ ಕೆಲಸ ಮಾಡಿದೆ. ಅಪ್ಪ ತೀರಿಕೊಂಡಿದ್ದರು, ಕೆಲಸ ಬೇಕಿತ್ತು ಎಂಬುದು ಒಂದು ಕಾರಣ. ಇಲಿಗಳಿಗೂ ನನಗೂ ನಡುವೆ ಅಖ್ತರ್ ಬೀ ಇದ್ದಳು ಎಂಬುದು ಇನ್ನೊಂದು.

"ಸರಸ್ವತಮ್ಮಾ, ನೀವು ಈ ಬಾಗ್ಲು ದಾಟಬೇಡಿ. ನಿಮ್ಮ ಕಿರುಚಾಟಕ್ಕೆ ನಮ್ಮ ಬಸುರಿ ಇಲಿಗಳು ಹೆದರ್ತವೆ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಇಲಿಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಗಂಡ ಅಡಿಕೆ ಮಂಡಿಗೆ ಗಾಡಿ ಹೊಡೆಯುತ್ತಿದ್ದವನು, ಸತ್ತು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಸಲೀಮಾಳನ್ನು ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಹಮೀದನಿಗೆ ಕೊಟ್ಟಿದ್ದಳು. ಅವರಿಗೆ ಹಾಜರಾ ಎಂಬ ಪುಟ್ಟ ಮಗಳು. ಅಖ್ತರ್ ಬೀಯ ಬಾಯಲ್ಲಿ ಆ ಮಗುವಿನ ಸುದ್ದಿ ಬಾರದ ದಿನವೇ ಇರಲಿಲ್ಲ.

ಅದು ಅರವತ್ತರ ದಶಕದ ನಡುಭಾಗ. ಡಾಕ್ಟರ್ ತ್ರಿವಿಕ್ರಮ ಎಂಬುವರು ಶಿವಮೊಗ್ಗದ ವಿದ್ಯಾನಗರದ ಅಂಚಿನಲ್ಲಿ ಒಂದು ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದು ಪ್ರಯೋಗಶಾಲೆ ಮಾಡಿಕೊಂಡಿದ್ದರು. ಆಮಶಂಕೆ ಅವರ ಹಗೆ. ಭದ್ರಾವತಿಯ ಕಾರ್ಮಿಕರ ಲೈನು ಮನೆಗಳಲ್ಲಿ ಪ್ರತಿ ಮಳೆಗಾಲ ಮಕ್ಕಳು ರಕ್ತಭೇದಿಯಾಗಿ ಸೊರಗುತ್ತಿದ್ದರು, ಕೆಲವರು ಉಳಿಯುತ್ತಲೂ ಇರಲಿಲ್ಲ. ಕರುಳು ಯಾಕೆ ಹಾಗೆ ಉರಿದು ಊದಿಕೊಳ್ಳುತ್ತದೆ, ಒಮ್ಮೆ ರೋಗ ಬಂದುಹೋದ ಮೈ ಮುಂದಿನ ಸಲ ಅದನ್ನು ಹೇಗೆ ತಡೆಯುತ್ತದೆ ಎಂದು ಡಾಕ್ಟರು ಇಲಿಗಳ ಹೊಟ್ಟೆಯಲ್ಲಿ ಹುಡುಕುತ್ತಿದ್ದರು. ಊರಿನವರಿಗೆ ಅದೊಂದು ತಮಾಷೆ. "ಬೆಟ್ಟ ಅಗೆದು ಇಲಿ ಹಿಡಿದೋರ ಕಥೆ ಕೇಳಿದ್ವಿ, ಇವರು ಇಲಿ ಕೊಯ್ದು ಬೆಟ್ಟ ಹುಡುಕ್ತಾರೆ ಮಾರಾಯ" ಎನ್ನುತ್ತಿದ್ದರು. ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವವರಿಗೆ ಏನು ಹೋಗಬೇಕು!

ಡಾಕ್ಟರು ಒಂದು ಮದ್ದು ತಯಾರಿಸಿದ್ದರು. ಆಮಶಂಕೆಯ ಕ್ರಿಮಿಯನ್ನೇ ಬಲಗುಂದಿಸಿ, ಜೀವಂತವಾಗಿಯೇ ಬಾಯಿಗೆ ಹಾಕುವ ಲಸಿಕೆ ಅದು. ಆ ಸೋತ ಕ್ರಿಮಿಯನ್ನು ಕುಡಿದ ಕರುಳು ನಿಜವಾದ ಕ್ರಿಮಿ ಬಂದಾಗ ಎದುರಿಸಲು ಕಲಿತಿರುತ್ತದೆ ಎಂದು ಅವರ ಲೆಕ್ಕಾಚಾರ. ಇಲಿಗೆ ಈ ರೋಗ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೆ ಮೊದಲು ಬೇರೊಂದು ಔಷಧಿ ಕೊಟ್ಟು, ಇಲಿಯ ಹೊಟ್ಟೆಯಲ್ಲಿ ಕಾವಲಿರುವ ಒಳ್ಳೆಯ ಕ್ರಿಮಿಗಳನ್ನು ಕೊಲ್ಲುತ್ತಿದ್ದರು. ಆಮೇಲೆ ಕೆಲವಕ್ಕೆ ಲಸಿಕೆ, ಕೆಲವಕ್ಕೆ ಬರೀ ನೀರು. ಕೊನೆಗೆ ಎಲ್ಲಕ್ಕೂ ಬಲವಾದ ಕ್ರಿಮಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಾನು ಟೈಪ್ ಮಾಡುತ್ತಲೇ ಅಂದುಕೊಳ್ಳುತ್ತಿದ್ದೆ.

ನೀರು ಕುಡಿದ ಇಲಿಗಳು ಹಳೆಯ ತಗಡಿನ ಪೆಟ್ಟಿಗೆಗಳಲ್ಲಿದ್ದವು. ಅವು ಬೆನ್ನು ಗೂನು ಮಾಡಿಕೊಂಡು, ರಕ್ತಭೇದಿಯಾಗಿ ಸತ್ತವು. ಲಸಿಕೆಯ ಇಲಿಗಳು ಅವುಗಳೊಂದಿಗೆ ಬೆರೆಯದಿರಲಿ ಎಂದು ಡಾಕ್ಟರು ಬಡಗಿಯಿಂದ ಹೊಸ ಮರದ ಪೆಟ್ಟಿಗೆಗಳನ್ನು ಮಾಡಿಸಿದ್ದರು. ಅವುಗಳಲ್ಲಿದ್ದ ಇಲಿಗಳಿಗೆ ಲಸಿಕೆ ಕುಡಿದಾಗಲೂ ಏನೂ ಆಗಲಿಲ್ಲ, ಬಲವಾದ ಕ್ರಿಮಿ ಹಾಕಿದಾಗಲೂ ಏನೂ ಆಗಲಿಲ್ಲ. ಮತ್ತೊಮ್ಮೆ ಮಾಡಿದರು, ಹಾಗೇ ಆಯಿತು. ಅಷ್ಟು ಗಂಭೀರ ಮನುಷ್ಯ ಆ ದಿನ ನಮಗೆಲ್ಲ ಮೈಸೂರು ಪಾಕು ತರಿಸಿದರು. ಇನ್ನು ಮಕ್ಕಳಿಗೆ ಕೊಡುವುದೊಂದೇ ಬಾಕಿ.

ಆದರೆ ಲೈನಿನ ತಾಯಂದಿರು ಒಪ್ಪಬೇಕಲ್ಲ. ರೋಗದ ಕ್ರಿಮಿಯನ್ನೇ ಕುಡಿಸುತ್ತಾರಂತೆ ಎಂಬ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಡಾಕ್ಟರು ಹೋಗಿ ಭಾಷಣ ಮಾಡಿದರು, ಒಬ್ಬರೂ ಕದಲಲಿಲ್ಲ. ಆಗ ಹೋದವಳು ಅಖ್ತರ್ ಬೀ. ಮಗಳ ಮನೆಯಲ್ಲಿ ಉಳಿದುಕೊಂಡು, ಕನ್ನಡದವರು, ತಮಿಳರು, ತೆಲುಗರು, ತನ್ನವರು ಎನ್ನದೆ ಮನೆಮನೆ ಹತ್ತಿಳಿದಳು. "ನನ್ನ ಇಲಿಗಳು ಕುಡಿದು ಗುಂಡುಗುಂಡಾಗಿವೆ. ಮೊದಲು ನನ್ನ ಮೊಮ್ಮಗಳು ಕುಡೀತಾಳೆ. ಆಮೇಲೆ ನಿಮ್ಮ ಮಕ್ಕಳು" ಎಂದು ಮಾತು ಕೊಟ್ಟಳು. ಸಲೀಮಾ ಅಳುಕಿದರೂ ತಾಯಿಯ ಮಾತು ಮೀರಲಿಲ್ಲ.

ಡಾಕ್ಟರು ಲಸಿಕೆಯ ಸೀಸೆಗಳನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ಭದ್ರಾವತಿಗೆ ಹೊರಟ ಬೆಳಿಗ್ಗೆ ನಾನು ಯಂತ್ರಕ್ಕೆ ಕಾಗದ ಏರಿಸುತ್ತಿದ್ದೆ. ಅಷ್ಟರಲ್ಲಾಗಲೇ ಇಲಿಗಳ ಕೆಲಸಕ್ಕೆ ಮರಳಿದ್ದ ಅಖ್ತರ್ ಬೀ ಇಲಿಮನೆಯ ಕಡೆಯಿಂದ ಕೂಗಿದಳು. ಬಾಗಿಲು ದಾಟಬೇಡ ಎಂದಿದ್ದವಳೇ ನನ್ನ ಕೈಹಿಡಿದು ಒಳಗೆಳೆದಳು.

ಮೂಲೆಯಲ್ಲಿ ಒಂದು ಖಾಲಿ ಡಾಲ್ಡಾ ಡಬ್ಬ ಇತ್ತು. ಹೊಸದಾಗಿ ಲಸಿಕೆ ಕುಡಿದ ಗಂಡಿಲಿಗಳಲ್ಲಿ ಮೂರು ಕಚ್ಚಾಡುತ್ತಿದ್ದವೆಂದು ಆಕೆ ಅವನ್ನು ಬೇರೆ ಮಾಡಿ ಅದರಲ್ಲಿ ಬಿಟ್ಟಿದ್ದಳಂತೆ. ಬಲವಾದ ಕ್ರಿಮಿಯನ್ನು ಅವಕ್ಕಿನ್ನೂ ಕೊಟ್ಟಿರಲಿಲ್ಲ, ಹೊಟ್ಟೆಗೆ ಹೋದದ್ದು ಲಸಿಕೆ ಮಾತ್ರ. ಆದರೂ ಒಂದು ಸತ್ತಿತ್ತು. ಉಳಿದೆರಡು ಗೂನು ಬೆನ್ನಿನಿಂದ ಕೂತಿದ್ದವು, ಅಡಿಗೆ ಹಾಸಿದ್ದ ಭತ್ತದ ಹೊಟ್ಟಿನಲ್ಲಿ ರಕ್ತ.

"ಪೆಟ್ಟಿಗೇಲಿರೋವು?" ಎಂದೆ.

"ಅವು ಚೆನ್ನಾಗೇ ಇವೆ. ಅದೇ ಮದ್ದು, ಅದೇ ದಿನ, ಅದೇ ಕಾಳು." ಆಕೆ ಮರದ ಪೆಟ್ಟಿಗೆಯೊಂದನ್ನು ಬೆಳಕಿಗೆ ಹಿಡಿದಳು. ಒಳಗಿನ ಹಲಗೆ ಕೆಂಪಗಿತ್ತು, ಅಂಚಿನ ತುಂಬ ಹಲ್ಲಿನ ಗುರುತು. "ಸರಸ್ವತಮ್ಮಾ, ನಾನು ಇದಕ್ಕೆ ಚೊಗರು ಬಳಿದಿದ್ದೀನಿ."

ಚೊಗರು ಯಾರಿಗೆ ಗೊತ್ತಿಲ್ಲ? ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಕಷಾಯ, ಬಾಯಿಗಿಟ್ಟರೆ ನಾಲಿಗೆ ಹಿಡಿದುಕೊಳ್ಳುವಷ್ಟು ಒಗರು. ಗಂಡನಿದ್ದಾಗ ಅಡಿಕೆ ಸುಗ್ಗಿಯಲ್ಲಿ ದುಡಿದ ಆಕೆಯ ಮನೆಯಲ್ಲಿ ಹೊಸ ಮಣೆ, ಹೊಸ ಮೊರ ಏನೇ ಬಂದರೂ ಮೊದಲು ಒಂದು ಕೈ ಚೊಗರು ಬಳಿಯುವ ರೂಢಿ. ಹುಳ ಹಿಡಿಯುವುದಿಲ್ಲ, ಬಾಳಿಕೆ ಬರುತ್ತದೆ ಎಂದು. ಹಾಗೇ ಇಲಿಪೆಟ್ಟಿಗೆಗೂ ಬಳಿದಿದ್ದಳು. ಒಗರಿಗೆ ಇಲಿಗಳು ಮರ ಕಡಿಯುವುದಿಲ್ಲ ಎಂದುಕೊಂಡಿದ್ದಳು. ಅವು ಕಡಿದೇ ಕಡಿದವು.

ಅದರಿಂದಲೇ ಹೀಗಾಯಿತೋ ಇಲ್ಲವೋ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಆದರೆ ಲಸಿಕೆ ಕುಡಿದ ಇಲಿ ರಕ್ತಭೇದಿಯಾಗಿ ಸತ್ತಿದೆ, ಅದೇ ಲಸಿಕೆ ಭದ್ರಾವತಿಗೆ ಹೋಗಿದೆ. ಇದಕ್ಕೆ ಯಾವ ಓದು ಬೇಕು? ಫೋನು ಮಾಡೋಣವೆಂದರೆ ಲೈನು ಮನೆಗಳಲ್ಲಿ ಯಾರ ಹತ್ತಿರ ಫೋನಿತ್ತು? ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದೆವು.

ಬಸ್ಸು ಹೊರಡುವಂತೆ ಕಾಣಲಿಲ್ಲ. ಕಂಡಕ್ಟರ್ ಇನ್ನೂ ಜನ ತುಂಬಬೇಕೆಂದು ಬಾಗಿಲಲ್ಲಿ ನಿಂತು "ಭದ್ರಾವತಿ, ಭದ್ರಾವತಿ" ಎಂದು ಕೂಗುತ್ತಿದ್ದ. ನಾನು ಜನ್ಮದಲ್ಲಿ ಯಾರೊಂದಿಗೂ ಜಗಳ ಆಡಿದವಳಲ್ಲ. ಅವತ್ತು ಅವನ ಮೇಲೆ ಹರಿಹಾಯ್ದೆ. "ಅಲ್ಲಿ ಮಕ್ಕಳ ಜೀವ ಹೋಗ್ತಾ ಇದೆ ಮಾರಾಯ, ಬಿಡ್ತೀಯೋ ಇಲ್ವೋ?" ಅವನು ನನ್ನ ಮುಖ ನೋಡಿ ಸೀಟಿ ಊದಿದ.

ದಾರಿಯುದ್ದಕ್ಕೂ ಆಕೆ ಮುಂದಿನ ಸೀಟಿನ ಕಂಬಿಯನ್ನು ಹಿಡಿದೇ ಕೂತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ದುವಾ ಓದುತ್ತಿದ್ದಳು. ಅರ್ಧ ದಾರಿಯಲ್ಲಿ ಒಮ್ಮೆ ಹೇಳಿದಳು, "ನನ್ನ ಮಾತು ನಂಬಿ ನಿಂತಿರ್ತಾರೆ, ಸರಸ್ವತಮ್ಮಾ. ನಾನು ಹೇಳದೆ ಇದ್ದಿದ್ರೆ ಒಬ್ಬಳೂ ಬರ್ತಿರ್ಲಿಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ.

ಭದ್ರಾವತಿಯಲ್ಲಿ ಇಳಿದು ಲೈನಿನ ತನಕ ಓಡಿದೆವು. ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಸೀರೆಯ ಸೆರಗಿನಲ್ಲಿ ಮಕ್ಕಳನ್ನು ಅವುಚಿಕೊಂಡ ಹೆಂಗಸರ ಸಾಲು ಬೀದಿಯ ತಿರುವಿನವರೆಗೂ ಇತ್ತು. ಎಲ್ಲರಿಗಿಂತ ಮುಂದೆ ಜಲಜಮ್ಮ ಎಂಬಾಕೆ ಮಗನ ಗಲ್ಲ ಹಿಡಿದು ಬಾಯಿ ತೆರೆಸಿದ್ದಳು, ಡಾಕ್ಟರು ಚಮಚ ಎತ್ತಿದ್ದರು.

"ಬೇಡ! ಕುಡಿಸ್ಬೇಡಿ!" ಅಖ್ತರ್ ಬೀ ನುಗ್ಗಿ ಚಮಚಕ್ಕೆ ಕೈ ಅಡ್ಡ ಹಿಡಿದಳು. ಮದ್ದು ಮೇಜಿನ ಮೇಲೆ ಚೆಲ್ಲಿತು.

"ಏನು ಹುಚ್ಚು ಇದು ಅಖ್ತರ್ ಬೀ?" ಡಾಕ್ಟರು ಕೆಂಡವಾದರು.

"ನೀನೇ ಕುಡಿಸಿ ಅಂದೆ, ಈಗ ನೀನೇ ಬೇಡ ಅಂತೀಯಲ್ಲ!" ಎಂದು ಜಲಜಮ್ಮ ಸಿಡುಕಿದಳು.

ಏದುಸಿರಿನಲ್ಲೇ ಅಖ್ತರ್ ಬೀ ಡಬ್ಬದ ಇಲಿಗಳ ಸಂಗತಿ ಹೇಳಿದಳು. ಚೊಗರಿನ ಸಂಗತಿಯನ್ನೂ ಬಿಡಲಿಲ್ಲ.

"ಯಾವಾಗ ಬಳಿದದ್ದು?"

"ಪೆಟ್ಟಿಗೆ ಬಂದ ದಿನಾನೇ ಸಾಹೇಬ್ರೇ. ಆಮೇಲೆ ತೊಳೆದಾಗೆಲ್ಲ."

"ಯಾರನ್ನ ಕೇಳಿ ಬಳಿದ್ರಿ?"

"ಹೊಸ ಮರಕ್ಕೆ ಚೊಗರು ಹಚ್ಚೋಕೆ ಯಾರನ್ನ ಕೇಳ್ತಾರೆ ಸಾಹೇಬ್ರೇ?"

ಡಾಕ್ಟರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಇಲಿಗಳು ನೆಕ್ಕಿದ ಚೊಗರೇ ಭೇದಿ ತಡೆದಿರಬೇಕು. ನಾನು ಲಸಿಕೆಯ ಗುಣ ಅಂದುಕೊಂಡೆ. ಈ ಕ್ರಿಮಿ ಸೋತಿಲ್ಲ, ಇನ್ನೂ ಗಟ್ಟಿಯಾಗೇ ಇದೆ" ಎಂದು ತಮಗೇ ಹೇಳಿಕೊಂಡರು. ಸೀಸೆಗಳ ಬಿರಡೆ ಬಿಗಿಮಾಡಿ, ಸಾಲಿನತ್ತ ತಿರುಗಿ, ಇವತ್ತು ಯಾರಿಗೂ ಕೊಡುವುದಿಲ್ಲ, ತಪ್ಪು ನನ್ನದು, ಮನೆಗೆ ಹೋಗಿ ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಆಗ ಅಖ್ತರ್ ಬೀ ಕೇಳಿದಳು, "ಯಾರಿಗೂ ಕೊಟ್ಟಿಲ್ಲ ತಾನೇ ಸಾಹೇಬ್ರೇ?"

ಡಾಕ್ಟರು ಹಿಂದಕ್ಕೆ ತಿರುಗಿ ನೋಡಿದರು. ಮರದ ಆಚೆ ಬದಿಯಲ್ಲಿ ಸಲೀಮಾ ನಿಂತಿದ್ದಳು. ಕಂಕುಳಲ್ಲಿದ್ದ ಹಾಜರಾ ಬೆಲ್ಲದಚ್ಚು ಚೀಪುತ್ತಿದ್ದಳು. ಮದ್ದು ಕುಡಿದ ಮಗುವಿಗೆ ಬೆಲ್ಲ ಕೊಡಬೇಕೆಂದು ಗೊತ್ತುಮಾಡಿದ್ದು ಅಜ್ಜಿಯೇ.

ಎರಡನೆಯ ದಿನ ಮಗುವಿಗೆ ಜ್ವರ ಬಂತು, ಸಂಜೆಗೆ ರಕ್ತ. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಅಲ್ಲಿಂದ ಅಲ್ಲಾಡಲಿಲ್ಲ, ಸೂಜಿ ಚುಚ್ಚಿ ಉಪ್ಪುನೀರು ಏರಿಸಿದರು, ಔಷಧಿಗೆ ಬೆಂಗಳೂರಿಗೆ ತಂತಿ ಹೊಡೆದರು. ನಾನು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸ್ಸಾಗುತ್ತಿದ್ದೆ. ಪ್ರತಿ ಸಲ ಆ ವಾರ್ಡಿನ ಬಾಗಿಲ ಹತ್ತಿರ ಬರುವಾಗ ಒಳಗಿನಿಂದ ಅಳು ಕೇಳಿಸುತ್ತದೇನೋ ಎಂದು ನಿಂತು ಕಿವಿಗೊಡುತ್ತಿದ್ದೆ.

ಅಖ್ತರ್ ಬೀ ವಾರ್ಡಿನ ಒಳಗೆ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಲೈನಿನ ಹೆಂಗಸರು ಬಂದು ಆಕೆಯ ಕೈ ಹಿಡಿದು, ನೀನು ಬರದಿದ್ದರೆ ನಮ್ಮ ಮಕ್ಕಳ ಗತಿ ಏನಾಗುತ್ತಿತ್ತು ಎಂದು ಕಣ್ಣೀರು ಹಾಕಿದರು. ಜಲಜಮ್ಮ ಗಂಜಿ ಕಾಯಿಸಿ ತಂದಳು. ಆಕೆ ಅದನ್ನು ಮುಟ್ಟಲಿಲ್ಲ. ಹೊಗಳಿಕೆ ಇಷ್ಟು ಚುಚ್ಚಬಲ್ಲದು ಎಂದು ನಾನು ಕಂಡದ್ದು ಅಲ್ಲಿಯೇ.

ಸಲೀಮಾ ತಾಯಿಯೊಂದಿಗೆ ಮಾತು ಬಿಟ್ಟಿದ್ದಳು. ಒಮ್ಮೆ ಮಾತ್ರ ಬಾಗಿಲಿಗೆ ಬಂದು ತಮ್ಮ ಭಾಷೆಯಲ್ಲಿ ಅಂದಳು, ನನಗೆ ಅಷ್ಟು ಅರ್ಥವಾಗುತ್ತಿತ್ತು: "ಇಡೀ ಲೈನಿಗೆ ಹೇಳ್ದೆ ಅಮ್ಮೀ. ನಿನ್ನ ಮಾತು ಪೂರ್ತಿ ಕೇಳಿದ್ದು ನನ್ನ ಮಗಳೊಬ್ಬಳೇ."

ಆ ವಾರ ಕಳೆಯುವಷ್ಟರಲ್ಲಿ ಜ್ವರ ಇಳಿಯಿತು. ರಕ್ತ ನಿಂತಿತು. ಮಗು ಕಣ್ಣು ಬಿಟ್ಟು ಹಸಿವು ಎಂದಿತಂತೆ. ನಾನು ಹೋಗುವ ಹೊತ್ತಿಗೆ ಸಲೀಮಾ ಅದನ್ನು ಎತ್ತಿಕೊಂಡು ಬೆಂಚಿನ ಮುಂದೆ ನಿಂತಿದ್ದಳು. ಮಗು ಒಣಗಿದ ಕಡ್ಡಿಯಂತಾಗಿತ್ತು.

"ಹಿಡ್ಕೊ ಅಮ್ಮೀ" ಎಂದಳು. "ನಾನು ಮುಖ ತೊಳೆದು ಎಷ್ಟು ದಿನ ಆಯ್ತು."

ಎಷ್ಟೋ ಇಲಿಗಳನ್ನು ಬಾಲ ಹಿಡಿದು ಎತ್ತಿದ ಅಖ್ತರ್ ಬೀಯ ಕೈಗಳು ಸೆರಗಿನೊಳಗೇ ಉಳಿದವು. "ನನಗೆ ಕೊಡ್ಬೇಡ ಬೇಟಿ. ಇವಳನ್ನ ನನ್ನ ಕೈಗೆ ಕೊಡ್ಬೇಡ."

ಸಲೀಮಾ ಮಗುವನ್ನು ಆಕೆಯ ಮಡಿಲಲ್ಲಿ ಕೂರಿಸಿಯೇಬಿಟ್ಟಳು. "ಇನ್ಯಾರ ಕೈಗೆ ಕೊಡ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಲ್ಲಿಯ ಕಡೆ ಹೋದಳು.